ಮನೆಯ ತೂಕ

ದೀರ್ಘಪ್ರಯಾಣಕ್ಕೆ ಹೊರಡತಕ್ಕವರು ಮೊದಲು ಮಾಡುವ ಕೆಲಸ ಭೂಪಟವನ್ನು ಬಿಡಿಸುವುದು. ಊರಿಂದೂರಿಗೆ ಬೆರಳು ಓಡುತ್ತದೆ. ಹೊಳೆ ದಾಟುವುದಕ್ಕೆ ಬೆರಳಿಗೆ ಸೇತುವೆ ಬೇಡ, ಬೆಟ್ಟ ಹತ್ತುವುದಕ್ಕೆ ಉಸಿರು ಬೇಡ. ಆದರೆ ಮನೆಯನ್ನೇ ಬೆನ್ನಹಿಂದೆ ಕಟ್ಟಿಕೊಂಡು ಹೊರಡುವ ಪ್ರಯಾಣವೊಂದುಂಟು. ಅಮೆರಿಕದವರು ಆ ಮನೆಯನ್ನು ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ, ಇಂಗ್ಲೆಂಡಿನವರು ಕ್ಯಾರವಾನ್ ಎನ್ನುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು, ಪಾಯಿಖಾನೆ ಎಲ್ಲವೂ ಅದರೊಳಗೆ ಇರುತ್ತವೆ. ಎಂಜಿನ್ ಒಂದು ಇರುವುದಿಲ್ಲ. ಮುಂದಿನ ವಾಹನದ ಕೊಂಡಿಗೆ ಸಿಕ್ಕಿಕೊಂಡು ಅದು ಉರುಳುತ್ತದೆ. ಇಂಥ ಪ್ರಯಾಣದ ಯೋಜನೆ ಭೂಪಟದಿಂದ ಆರಂಭವಾದರೆ ಕೆಡುತ್ತದೆ. ಅದು ತಕ್ಕಡಿಯಿಂದ ಆರಂಭವಾಗಬೇಕು.

ಸುಖಕ್ಕಾಗಿ, ಕೇವಲ ಸುಖಕ್ಕಾಗಿ, ಮನೆಯನ್ನು ಬೀದಿಗಿಳಿಸಿದವರಲ್ಲಿ ಮೊದಲಿಗನೆಂದು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಹೇಳುವುದುಂಟು. ನೌಕಾದಳದಲ್ಲಿದ್ದು ನಿವೃತ್ತನಾದ ಈತ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆಯುತ್ತಿದ್ದವನು. ೧೮೮೫ರಲ್ಲಿ ‘ವಾಂಡರರ್’ ಎಂಬ ಮರದ ಮನೆಗಾಡಿಯನ್ನು ಬ್ರಿಸ್ಟಲ್ಲಿನಲ್ಲಿ ಕಟ್ಟಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನ ಟ್ವೈಫರ್ಡಿನಿಂದ ಉತ್ತರದ ಇನ್ವರ್ನೆಸ್ಸಿನವರೆಗೆ ಸಾಗಿದನು. ಜೊತೆಗೆ ಸಾರಥಿ, ಸೇವಕ, ಒಂದು ನಾಯಿ, ಒಂದು ಗಿಳಿ. ಸೇವಕನ ಕೆಲಸ ವಿಚಿತ್ರವಾದದ್ದು. ಮೂರು ಚಕ್ರದ ಸೈಕಲ್ ಏರಿ ಮುಂದೆ ಹೋಗಿ, ದಾರಿ ಹೇಗಿದೆ, ಎದುರಿಗೆ ಯಾರು ಬರುತ್ತಿದ್ದಾರೆ ಎಂದು ನೋಡಿ ಎಚ್ಚರಿಸುವುದು. ಗಾಡಿಯ ತೂಕ ಸುಮಾರು ಎರಡು ಟನ್. ಆದರೆ ಸ್ಟೇಬಲ್ಸನಿಗೆ ಇಂದಿನವರಿಗಿಲ್ಲದ ಒಂದು ಅನುಕೂಲವಿತ್ತು. ಹೊರೆ ಹೆಚ್ಚಾದರೆ ಕುದುರೆ ನಿಂತುಬಿಡುತ್ತದೆ. ಎಂಜಿನ್ನಿಗೆ ಆ ದಾಕ್ಷಿಣ್ಯವಿಲ್ಲ. ಹೊರೆ ಎಷ್ಟೇ ಇರಲಿ ಅದು ಹೊರಡುತ್ತದೆ. ಹೊರಡಬಾರದಾಗಿತ್ತೆಂಬುದು ಇಳಿಜಾರಿನಲ್ಲಿ ತಿಳಿಯುತ್ತದೆ.

ಮೋಟಾರಿನ ಕಾಲ ಬಂದಾಗ ಈ ಸತ್ಯವನ್ನು ಬೇಗ ಗ್ರಹಿಸಿದವರು ವಿಮಾನದ ಕಸಬು ಬಲ್ಲವರು. ಲಿಂಡ್‌ಬರ್ಗನು ಒಬ್ಬನೇ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣವನ್ನು ನೋಡಿಕೊಂಡಿದ್ದ ಹಾಲಿ ಬೌಲಸ್ ೧೯೩೪ರಲ್ಲಿ ಅಲ್ಯೂಮಿನಿಯಮ್ ತಗಡಿನ ಟ್ರೈಲರ್ ಮಾಡಿದನು. ಆ ಮಾದರಿಯನ್ನು ಬೆಳೆಸಿ ೧೯೩೬ರಲ್ಲಿ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಎಂಬುದನ್ನು ಹೊರತಂದವನು ವಾಲಿ ಬಯಾಮ್. ಬಾಲ್ಯದಲ್ಲಿ ಕುರಿಕಾಯುವವರ ಗಾಡಿಯಲ್ಲಿ ವಾಸಮಾಡಿದ್ದ ಈತನಿಗೆ ಮನೆಯೆಂಬುದು ಎಷ್ಟು ಸಣ್ಣದಾಗಬಲ್ಲುದೆಂಬುದು ಎಳವೆಯಲ್ಲಿಯೇ ತಿಳಿದಿತ್ತು. ೧೯೫೯ರಲ್ಲಿ ೪೦ಕ್ಕೂ ಹೆಚ್ಚು ಟ್ರೈಲರುಗಳ ಸಾಲನ್ನು ಕೇಪ್‌ಟೌನಿನಿಂದ ಹೊರಡಿಸಿ ಆಫ್ರಿಕಾ ಖಂಡದ ಉದ್ದಕ್ಕೂ ಕೈರೋವರೆಗೆ ಕರೆದೊಯ್ದವನೂ ಈತನೇ.

ಇನ್ನು ಲೆಕ್ಕಕ್ಕೆ ಬರೋಣ. ಸಾಹಿತ್ಯದ ಪುಟದಲ್ಲಿ ಅಂಕಗಣಿತವೇಕೆಂದು ವಾಚಕರು ಹುಬ್ಬುಗಂಟಿಕ್ಕಬಾರದು. ಈ ಪ್ರಯಾಣದ ರಸವೆಲ್ಲ ಆ ಲೆಕ್ಕದಲ್ಲಿಯೇ ಅಡಗಿದೆ. ವಾಹನ ಮಾರುವವನು, ‘ಇದು ೪,೦೦೦ ಕಿಲೋ ಎಳೆಯುತ್ತದೆ’ ಎನ್ನುತ್ತಾನೆ. ಸುಳ್ಳಲ್ಲ. ಆದರೆ ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಟ್ರೈಲರಿನ ತೂಕದಲ್ಲಿ ನೂರಕ್ಕೆ ೧೦ರಿಂದ ೧೫ ಪಾಲು ಕೊಂಡಿಯ ಮೇಲೆ, ಅಂದರೆ ಮುಂದಿನ ವಾಹನದ ಬೆನ್ನಿನ ಮೇಲೆ, ಕೂರಬೇಕು. ಅದಕ್ಕಿಂತ ಕಡಿಮೆಯಾದರೆ, ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋದ ಗಾಳಿಗೇ ಟ್ರೈಲರ್ ಹಾವಿನ ಬಾಲದಂತೆ ಹೊಯ್ದಾಡತೊಡಗುತ್ತದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳಿಗೆ ನೆಲದ ಹಿಡಿತ ಸಡಿಲವಾಗುತ್ತದೆ. ತುಂಬಿದ ಟ್ರೈಲರ್ ೩,೦೦೦ ಕಿಲೋ ಇದ್ದರೆ ಕೊಂಡಿಯ ಮೇಲೆ ಸುಮಾರು ೩೭೫ ಕಿಲೋ ಬಿತ್ತು. ಒಳಗೆ ಕೂರುವ ನಾಲ್ವರದು ೨೮೦. ಕೊಂಡಿಯ ಕಬ್ಬಿಣವೇ ೪೦. ಒಟ್ಟು ೬೯೫. ವಾಹನ ಹೊರಬಹುದಾದ ಭಾರವನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಚೀಟಿಯ ಮೇಲೆ ಅಚ್ಚುಹಾಕಿ ಅಂಟಿಸಿರುತ್ತಾರೆ. ಅಲ್ಲಿ ೭೦೦ ಎಂದಿದ್ದರೆ ಉಳಿದದ್ದು ೫ ಕಿಲೋ. ಒಂದು ಒಳ್ಳೆಯ ಕುಂಬಳಕಾಯಿ ಇಟ್ಟರೆ ಮುಗಿಯಿತು. ಎಳೆಯುವ ಶಕ್ತಿ ಇನ್ನೂ ಒಂದು ಟನ್ ಮಿಕ್ಕಿರುವಾಗಲೇ ಹೊರುವ ಶಕ್ತಿ ಬರಿದಾಗುವುದು ಹೀಗೆ.

ನೀರಿನ ವಿಷಯ ಇನ್ನೂ ಸ್ವಾರಸ್ಯವಾದದ್ದು. ಒಂದು ಲೀಟರಿಗೆ ಒಂದು ಕಿಲೋ. ೧೫೦ ಲೀಟರಿನ ತೊಟ್ಟಿ ತುಂಬಿಸಿದರೆ ಇಬ್ಬರು ಗಟ್ಟಿಮುಟ್ಟಾದ ಆಳುಗಳನ್ನು ಹತ್ತಿಸಿಕೊಂಡಂತೆ. ಬಳಸಿದ ಮಾತ್ರಕ್ಕೆ ಆ ಭಾರ ಇಳಿಯಿತೆಂದು ತಿಳಿಯಬಾರದು. ಪಾತ್ರೆ ತೊಳೆದ ನೀರು ಒಂದು ತೊಟ್ಟಿಗೆ, ಪಾಯಿಖಾನೆಯದು ಇನ್ನೊಂದು ತೊಟ್ಟಿಗೆ ಸೇರುತ್ತದೆಯೇ ಹೊರತು ಗಾಡಿಯನ್ನು ಬಿಟ್ಟು ಹೋಗುವುದಿಲ್ಲ. ಸ್ಥಳ ಮಾತ್ರ ಬದಲಾಗುತ್ತದೆ. ತೊಟ್ಟಿ ಅಚ್ಚಿನ ಹಿಂದಿದೆಯೋ ಮುಂದಿದೆಯೋ ಎಂಬುದರ ಮೇಲೆ ಕೊಂಡಿಯ ಭಾರವೂ ಏರಿಳಿಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನಿಯತವಾದ ಜಾಗಕ್ಕೆ ಹೋಗಿ, ಕೈಗವಸು ತೊಟ್ಟು, ಕೊಳವೆ ಜೋಡಿಸಿ ಅದನ್ನು ಖಾಲಿ ಮಾಡಬೇಕು. ಸೂರ್ಯೋದಯವನ್ನು ಪುಟಗಟ್ಟಲೆ ವರ್ಣಿಸುವ ಪ್ರವಾಸಕಥನಕಾರರು ಈ ಕೊಳವೆಯ ವಿಷಯದಲ್ಲಿ ಮಾತ್ರ ಮೌನಿಗಳು.

ಸಾಹಿತಿಗಳ ಮಾತು ಬಂದಾಗ ಜಾನ್ ಸ್ಟೈನ್‌ಬೆಕ್ಕನನ್ನು ನೆನೆಯದೆ ಇರುವುದು ಹೇಗೆ? ೧೯೬೦ರ ಸೆಪ್ಟೆಂಬರಿನಲ್ಲಿ, ತನ್ನ ದೇಶವನ್ನು ಮತ್ತೆ ಕಾಣಬೇಕೆಂದು, ಚಾರ್ಲಿ ಎಂಬ ನಾಯಿಯನ್ನು ಕೂರಿಸಿಕೊಂಡು ಆತ ಹೊರಟನು. ಆತನದು ಎಳೆಯುವ ಮನೆಯಲ್ಲ, ಟ್ರಕ್ಕಿನ ಬೆನ್ನಿನ ಮೇಲೆ ಕೂರಿಸಿದ ಮನೆ. ಡಾನ್ ಕ್ವಿಕ್ಸೋಟನ ಬಡಕುದುರೆಯ ಹೆಸರಾದ ರೋಸಿನಾಂಟೆ ಎಂಬುದನ್ನೇ ಅದಕ್ಕೆ ಇಟ್ಟಿದ್ದನು. ಹೊತ್ತ ಸಾಮಾನೆಷ್ಟು! ಉಪಕರಣಗಳು, ಹತ್ತಾರು ಮಂದಿಗೆ ಸಾಲುವಷ್ಟು ಆಹಾರ, ಇವಲ್ಲದೆ ಓದಬೇಕೆಂದು ಬಹುಕಾಲದಿಂದ ಎತ್ತಿಟ್ಟಿದ್ದ, ಎಂದಿಗೂ ಓದಲಾರದ, ಸುಮಾರು ೬೮ ಕಿಲೋ ಪುಸ್ತಕಗಳು. ಆರಿಗನ್ ಸೀಮೆಯ ಮಳೆಯಲ್ಲಿ ಆ ಭಾರಕ್ಕೆ ಹಿಂದಿನ ಟೈರು ಸಿಡಿಯಿತು. ೧೯೬೨ರಲ್ಲಿ ಹೊರಬಂದ ಆ ಕಥನದಲ್ಲಿ ಕಲ್ಪನೆಯ ಬೆರಕೆ ಸಾಕಷ್ಟಿದೆಯೆಂದೂ, ಹಲವು ರಾತ್ರಿಗಳನ್ನು ಆತ ಹೋಟೆಲುಗಳಲ್ಲಿ ಕಳೆದಿದ್ದನೆಂದೂ ಈಚೆಗೆ ಸಂಶೋಧಕರು ತೋರಿಸಿದ್ದಾರೆ. ಇರಲಿ. ಪುಸ್ತಕಗಳ ತೂಕವನ್ನಂತೂ ಗ್ರಂಥಪ್ರಿಯರಾದ ನಮ್ಮಲ್ಲಿ ಯಾರೂ ಸಂಶಯಿಸಲಾರರು.

ಚಲಚ್ಚಿತ್ರವೂ ಇದನ್ನು ಕಂಡುಕೊಂಡಿತ್ತು. ವಿನ್ಸೆಂಟ್ ಮಿನೆಲ್ಲಿ ನಿರ್ದೇಶಿಸಿ ೧೯೫೪ರಲ್ಲಿ ತೆರೆಕಂಡ ‘ದಿ ಲಾಂಗ್, ಲಾಂಗ್ ಟ್ರೈಲರ್’ ಎಂಬ ಹಾಸ್ಯಚಿತ್ರದಲ್ಲಿ ಲೂಸಿಲ್ ಬಾಲ್ ಅಭಿನಯಿಸಿದ ನವವಧು ಹೋದಹೋದಲ್ಲೆಲ್ಲ ನೆನಪಿಗೆಂದು ಒಂದೊಂದು ಕಲ್ಲು ಎತ್ತಿಕೊಳ್ಳುತ್ತಾಳೆ. ಮುಂದೆ ಕಡಿದಾದ ಬೆಟ್ಟದ ದಾರಿ. ಕಲ್ಲುಗಳನ್ನೆಲ್ಲ ಎಸೆದುಬಿಡೆಂದು ಗಂಡ ಹೇಳುತ್ತಾನೆ. ಆಕೆ ಎಸೆಯದೆ ಟ್ರೈಲರಿನ ಮೂಲೆಮೂಲೆಗಳಲ್ಲಿ ಬಚ್ಚಿಡುತ್ತಾಳೆ. ದಾರಿ ಏರತೊಡಗಿದಾಗ ಕಲ್ಲುಗಳೆಲ್ಲ ಉರುಳಿ ಸಂಸಾರವೇ ಬುಡಮೇಲಾಗುತ್ತದೆ. ಜನ ನಕ್ಕರು. ಆದರೆ ಆಕೆಯ ಪಕ್ಷದಲ್ಲಿಯೂ ನ್ಯಾಯವಿಲ್ಲವೆನ್ನುವಂತಿಲ್ಲ. ಊರೂರು ತಿರುಗುವವಳಿಗೆ ನೆಲದ ಒಂದು ಚೂರಾದರೂ ತನ್ನದಾಗಿರಬೇಕೆನಿಸುವುದು ಸಹಜವಲ್ಲವೆ? ಸ್ಥಾವರ ಜಂಗಮಗಳೆಂಬ ಜೋಡಿಮಾತಿನಲ್ಲಿ ಬೆಳೆದ ಕನ್ನಡಿಗನಿಗೆ, ಸ್ಥಾವರವನ್ನೇ ಎಳೆದೊಯ್ಯುವ ಈ ಮೂರನೆಯ ಸ್ಥಿತಿಯನ್ನು ಏನೆಂದು ಕರೆಯಬೇಕೋ ತೋಚುವುದಿಲ್ಲ.

ಈ ಲೆಕ್ಕಗಳನ್ನೆಲ್ಲ ನನಗೆ ಮನದಟ್ಟು ಮಾಡಿಸಿದವನು ಷಿಕಾಗೋ ಬಳಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಳೆದ ಬೇಸಿಗೆಯಲ್ಲಿ ಆತನ ತಂದೆತಾಯಿಗಳು ಊರಿನಿಂದ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದರು. ತಂದೆ ನಿವೃತ್ತ ಶಾಲಾ ಉಪಾಧ್ಯಾಯರು, ಎಪ್ಪತ್ತಾರು ವರ್ಷ. ಮಂಡಿನೋವು, ರಾತ್ರಿ ಮೂರು ಬಾರಿಯಾದರೂ ಏಳಬೇಕು. ಹೊರಗಿನ ಊಟ ಒಗ್ಗದು. ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳ ವಿಷಯವನ್ನು ಮೂವತ್ತು ವರ್ಷ ಭೂಗೋಳದ ತರಗತಿಯಲ್ಲಿ ಬೋಧಿಸಿದ್ದವರು, ‘ಮತ್ತೆ ಬರುತ್ತೇನೋ ಇಲ್ಲವೋ, ಅದೊಂದು ನೋಡಿಬಿಡುತ್ತೇನಪ್ಪ’ ಎಂದರಂತೆ. ಪ್ರತಿ ರಾತ್ರಿ ಹೊಸ ಹಾಸಿಗೆ, ಹೊಸ ಬಚ್ಚಲು ಅವರಿಂದಾಗದು. ಆದ್ದರಿಂದ ಟ್ರೈಲರ್.

ಮಗ ನನಗೆ ಕಳಿಸಿದ ಮೊದಲ ಯೋಜನೆ ಭೂಪಟದ್ದೇ ಆಗಿತ್ತು. ಮೊದಲ ನಿಲುಗಡೆ ಬ್ಯಾಡ್‌ಲ್ಯಾಂಡ್ಸ್, ಅಲ್ಲಿಂದ ಯೆಲ್ಲೋಸ್ಟೋನ್, ಕೊನೆಗೆ ಗ್ಲೇಸಿಯರ್. ದಿನಕ್ಕೆ ೫೦೦ ಮೈಲಿ. ಅನುಭವಸ್ಥರು ಅದನ್ನು ಕಂಡು ನಕ್ಕರು. ಅವರಲ್ಲಿ ಮೂರರ ಸೂತ್ರವೊಂದಿದೆ. ದಿನಕ್ಕೆ ೩೦೦ ಮೈಲಿ ಮೀರಬಾರದು, ಮಧ್ಯಾಹ್ನ ೩ ಗಂಟೆಗೆ ಬಿಡಾರ ಸೇರಬೇಕು, ಸೇರಿದಲ್ಲಿ ೩ ದಿನ ತಂಗಬೇಕು. ಕತ್ತಲಲ್ಲಿ ಟ್ರೈಲರನ್ನು ಹಿಮ್ಮುಖವಾಗಿ ಬಿಡಾರಕ್ಕೆ ಹೊಗಿಸುವ ಕಷ್ಟ ಕಂಡವರು ಮಾಡಿದ ಸೂತ್ರ ಅದು. ಹಾಗೆಯೇ, ವಯೋಮಿಂಗಿನಲ್ಲಿ ಬಿಗ್‌ಹಾರ್ನ್ ಪರ್ವತಗಳನ್ನು ದಾಟುವ ೧೪-ಎ ಎಂಬ ಹೆದ್ದಾರಿ ಭೂಪಟದಲ್ಲಿ ನೇರವಾಗಿ, ಆಕರ್ಷಕವಾಗಿ ಕಾಣುತ್ತದೆ. ಅಲ್ಲಿ ನೂರು ಅಡಿ ಮುಂದೆ ಹೋದರೆ ಹತ್ತು ಅಡಿ ಕೆಳಗಿಳಿಯುವ ಇಳಿಜಾರುಗಳಿವೆ. ಮೂರು ಟನ್ ಹಿಂದಿನಿಂದ ನೂಕುತ್ತಿರುವಾಗ ಬ್ರೇಕನ್ನೇ ಒತ್ತಿಹಿಡಿದರೆ ಅದು ಕಾದು ಸೋಲುತ್ತದೆ. ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. ಆ ದಾರಿಯನ್ನು ಹೊಡೆದುಹಾಕಿ, ಬಿಲಿಂಗ್ಸ್ ಮೂಲಕ ಬಳಸಿ ಉತ್ತರದ ಬಾಗಿಲಿನಿಂದ ಯೆಲ್ಲೋಸ್ಟೋನ್ ಹೊಗುವುದೆಂದಾಯಿತು. ಗ್ಲೇಸಿಯರಿನ ಪ್ರಸಿದ್ಧವಾದ ಬೆಟ್ಟದ ರಸ್ತೆಯಲ್ಲಿ ೨೧ ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಟ್ರೈಲರನ್ನು ತಪ್ಪಲಿನಲ್ಲಿ ಬಿಟ್ಟು, ಅಲ್ಲಿನ ಬಸ್ಸಿನಲ್ಲಿ ಹೋಗುವುದೆಂದಾಯಿತು. ಯೆಲ್ಲೋಸ್ಟೋನಿನಲ್ಲಿ ಕರಡಿಗಳ ಕಾರಣದಿಂದ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಎಡೆಕೊಡುವ ಬಿಡಾರವೊಂದುಂಟು. ಅಲ್ಲಿ ಜಾಗ ಸಿಗಬೇಕಾದರೆ ತಿಂಗಳುಗಟ್ಟಲೆ ಮುಂಚೆಯೇ ಕಾದಿರಿಸಬೇಕು. ತಾಯಿತಂದೆಯರ ವಿಮಾನದ ಟಿಕೇಟಿಗಿಂತ ಮೊದಲೇ ಆ ಜಾಗ ಗೊತ್ತಾಗಿತ್ತಂತೆ.

ನಿಜವಾದ ಕಷ್ಟ ಆರಂಭವಾದದ್ದು ಅಡಿಗೆಮನೆಯಲ್ಲಿ. ಹಿಟ್ಟು ರುಬ್ಬುವ ಗ್ರೈಂಡರ್ ಬಂದೇ ಬರಬೇಕೆಂದು ತಾಯಿಯ ಹಟ.

‘ಅಮ್ಮ, ಅದು ಹನ್ನೊಂದು ಕಿಲೋ. ಕಾಡಿನಲ್ಲಿ ಅದಕ್ಕೆ ಕರೆಂಟೂ ಇರೋದಿಲ್ಲ.’

‘ಐದು ವಾರ ನಿಮ್ಮಪ್ಪನಿಗೆ ಬ್ರೆಡ್ ಹಾಕಲೇನೋ? ಅವರ ಆ ಪುಸ್ತಕ ಬರಬಹುದು, ನನ್ನ ಕಲ್ಲು ಬರಕೂಡದು. ಕುಮಾರವ್ಯಾಸ ಹೊಟ್ಟೆ ತುಂಬಿಸ್ತಾನೇನು?’

ತಂದೆಯವರು ಊರಿನಿಂದ ಹೊತ್ತು ತಂದಿದ್ದ ದಪ್ಪ ಭಾರತವೊಂದಿತ್ತು. ಎರಡು ಕಿಲೋಗೆ ತುಸು ಮೇಲು. ಇಂಥ ವ್ಯಾಜ್ಯದಲ್ಲಿ ಕನ್ನಡ ಅಧ್ಯಾಪಕನ ತೀರ್ಪು ಯಾವ ಕಡೆ ಎಂದು ವಾಚಕರು ಊಹಿಸಬಹುದು. ಆದರೂ ನ್ಯಾಯವಾಗಿ ನೋಡಿದರೆ, ಹೊರಗಿನ ಅನ್ನ ಒಗ್ಗದ ವೃದ್ಧನ ಪಾಲಿಗೆ ಆ ಕಲ್ಲಿನ ಹಕ್ಕೇ ಹೆಚ್ಚಿನದು. ಕಡೆಗೆ ರಾಜಿಯಾಯಿತು: ಮೊದಲ ನಾಲ್ಕು ದಿನಕ್ಕೆ ಮನೆಯಲ್ಲೇ ರುಬ್ಬಿದ ಹಿಟ್ಟು ಫ್ರಿಜ್ಜಿನಲ್ಲಿ, ಆಮೇಲೆ ರವೆ ಇಡ್ಲಿ, ಉಪ್ಪಿಟ್ಟು, ಅವಲಕ್ಕಿ. ತಾಯಿ ಒಪ್ಪಿದರು. ಎರಡು ದಿನ ಮಗನೊಡನೆ ಮಾತಾಡಲಿಲ್ಲ.

ಹೊರಡುವುದಕ್ಕೆ ವಾರದ ಮುಂಚೆ ಎಲ್ಲವನ್ನೂ ತುಂಬಿ, ನಾಲ್ವರೂ ಕುಳಿತು, ಹೆದ್ದಾರಿಯ ಪಕ್ಕದಲ್ಲಿ ಲಾರಿಗಳನ್ನು ತೂಗುವ ಕಟ್ಟೆಗೆ ಹೋದರು. ಟ್ರೈಲರ್ ಮಿತಿಗಿಂತ ೧೩೦ ಕಿಲೋ ಹೆಚ್ಚಿತ್ತು. ಅಲ್ಲಿಯೇ ನಿಂತು ಪಟ್ಟಿ ತೆಗೆದರು. ತುಂಬಿದ ನೀರನ್ನು ಮೂರನೆಯ ಒಂದು ಪಾಲಿಗೆ ಇಳಿಸುವುದೆಂದಾಯಿತು. ಬಿಡಾರ ಸೇರಿದ ಮೇಲೆ ತುಂಬಿಸಿಕೊಳ್ಳಬಹುದು. ಅದರಿಂದ ೧೦೦ ಹೋಯಿತು. ಇನ್ನೂ ೩೦.

‘ನಿನ್ನ ಆ ಕಬ್ಬಿಣದ ಸುಡುವ ಒಲೆ ಎಷ್ಟಿದೆಯೋ?’ ಎಂದು ತಾಯಿ ಕೇಳಿದರು.

ಮಗ ಸ್ವಲ್ಪ ಹೊತ್ತು ಪಟ್ಟಿಯನ್ನೇ ನೋಡಿದನು. ಇಪ್ಪತ್ತೆರಡು ಕಿಲೋ. ಆತ ಆಸೆಪಟ್ಟು ಕೊಂಡದ್ದು. ಅದೂ, ಅದರ ಇದ್ದಲಿನ ಎರಡು ಮೂಟೆಯೂ ಮನೆಯ ಷೆಡ್ಡಿಗೆ ಹಿಂತಿರುಗಿದವು. ಭಾರವಾದ ಸಾಮಾನೆಲ್ಲ ಕೆಳಗೆ, ಚಕ್ರದ ಅಚ್ಚಿನ ನೇರಕ್ಕೆ ಇರಬೇಕೆಂಬುದು ನಿಯಮ. ಅಲ್ಲಿ ಅಕ್ಕಿಯ ಡಬ್ಬಿಯ ಪಕ್ಕದಲ್ಲಿ ಕುಮಾರವ್ಯಾಸನನ್ನು ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟವರು ತಾಯಿಯೇ ಎಂದು ಬರೆದಿದ್ದಾನೆ.