ಮಣ್ಣಿನ ಹಕ್ಕಿಯೂ ಚಷ್ಮಾದ ಕಣ್ಣೂ

ದ್ರೋಣಾಚಾರ್ಯರು ಶಿಷ್ಯರ ಗುರಿಯನ್ನು ಪರೀಕ್ಷಿಸಿದ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ಮರವನ್ನು ಕಂಡವರೂ ಗುರುವನ್ನು ಕಂಡವರೂ ಸೋತರು. ಹಕ್ಕಿಯ ತಲೆಯೊಂದನ್ನೇ ಕಂಡ ಅರ್ಜುನ ಗೆದ್ದ. ತರಗತಿಯಲ್ಲಿ ಇದನ್ನು ಹೇಳುವಾಗ ನಾವು ಅಧ್ಯಾಪಕರು ಸಾಮಾನ್ಯವಾಗಿ ದಾಟಿಹೋಗುವ ವಿವರವೊಂದುಂಟು. ವ್ಯಾಸಭಾರತದ ಆ ಹಕ್ಕಿ ಜೀವದ ಹಕ್ಕಿಯಲ್ಲ; ಶಿಲ್ಪಿಗಳಿಂದ ಮಾಡಿಸಿ ಮರದ ತುದಿಯಲ್ಲಿ ಕೂಡಿಸಿದ ಕೃತಕ ಪಕ್ಷಿ. ಇನ್ನೊಂದು ಸಂಗತಿಯನ್ನಂತೂ ಕಥೆ ಹೇಳುವುದೇ ಇಲ್ಲ. ಅಷ್ಟು ಮಂದಿ ರಾಜಕುಮಾರರಲ್ಲಿ ದೂರದ ನೋಟ ಮಸುಕಾದವನೊಬ್ಬನಾದರೂ ಇದ್ದಿರಲಾರನೆ? ಹಕ್ಕಿ ಕಾಣಿಸುವುದಿಲ್ಲವೆಂದು ಹೇಳಲು ನಾಚಿ, ಮರ ಕಾಣುತ್ತದೆ ಎಂದು ಹೇಳಿ ಹಿಂದೆ ಸರಿದವನಿಗೆ ಏಕಾಗ್ರತೆಯಿಲ್ಲವೆಂಬ ಅಪವಾದ ಬಂದಿರಬಹುದಷ್ಟೆ.

ಕೃತಕ ಪಕ್ಷಿಗೆ ಗುರಿಯಿಡುವ ಆಟ ಈಗಲೂ ಉಂಟು. ಹಿಂದೆ ಯುರೋಪಿನಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೂ ಈ ಕ್ರೌರ್ಯ ನಡೆಯಿತು. ಅಷ್ಟರೊಳಗಾಗಿಯೇ, 1880ರಲ್ಲಿ, ಅಮೆರಿಕೆಯ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಎಂಬಾತ ಮಣ್ಣಿನ ಬಿಲ್ಲೆಯನ್ನು ಮಾಡಿ ಹಾರಿಸಿದ್ದ. ಹಕ್ಕಿಗೆ ಜೀವದಾನವಾಯಿತು, ಬಿಲ್ಲೆಗೆ ಮಾತ್ರ ‘ಮಣ್ಣಿನ ಪಾರಿವಾಳ’ ಎಂಬ ಹೆಸರು ಅಂಟಿಕೊಂಡಿತು. ಈಗಿನ ಬಿಲ್ಲೆ ಮಣ್ಣಿನದೂ ಅಲ್ಲ. ಸುಣ್ಣಗಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಎರಕಹೊಯ್ದದ್ದು. ಅಗಲ 11 ಸೆಂಟಿಮೀಟರು, ತೂಕ ಸುಮಾರು 105 ಗ್ರಾಂ. ಟ್ರ್ಯಾಪ್ ಎಂಬ ಪಂದ್ಯದಲ್ಲಿ ಆಟಗಾರನ 15 ಮೀಟರು ಮುಂದಿನ ಕಂದಕದಿಂದ ಅದು ಚಿಮ್ಮುತ್ತದೆ. ಎಡಕ್ಕೋ ಬಲಕ್ಕೋ ಎಂಬುದು ಮೊದಲೇ ತಿಳಿಯದು. 45 ಅಂಶಗಳವರೆಗೂ ಓರೆಯಾಗಬಹುದು. ಬಿಟ್ಟರೆ 76 ಮೀಟರು ದೂರ ಹೋಗಿ ಬೀಳುವ ಅದನ್ನು ಒಂದು ಸೆಕೆಂಡು ಕಳೆಯುವುದರೊಳಗೆ ಒಡೆಯಬೇಕು. ಬಿಕಾನೇರಿನ ಕರ್ಣಿ ಸಿಂಗರು 1962ರಲ್ಲಿ ಕೈರೋದ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದದ್ದು ಈ ವಿದ್ಯೆಯಲ್ಲಿ. ಅರ್ಜುನ ಪ್ರಶಸ್ತಿ ಆರಂಭವಾದ 1961ರಲ್ಲಿಯೇ ಅದು ಅವರಿಗೆ ಸಂದದ್ದು ಎಷ್ಟು ಉಚಿತ! 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರು ಒಲಿಂಪಿಕ್ ಬೆಳ್ಳಿಯನ್ನು ಪಡೆದದ್ದೂ ಇದರ ಇನ್ನೊಂದು ಬಗೆಯಲ್ಲಿ.

ಕನ್ನಡದ ಮೇಷ್ಟರಿಗೆ ಬಂದೂಕಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನನ್ನ ಅಕ್ಕನ ಮಗನೊಬ್ಬ ಕೃಷಿ ಓದಿ, ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ಸುತ್ತಮುತ್ತ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಒಮ್ಮೆ ಕಾಯಿ ಒಡೆದವನಿಗೆ ಹಾರುವ ಬಿಲ್ಲೆಯ ಹಂಬಲ ಹತ್ತಿತು. ದಿಲ್ಲಿಯ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿಗೆ ಹೋಗಿ ಕಲಿಯಬೇಕೆಂದು ಹಟ. ಆದರೆ ಐದನೆಯ ಇಯತ್ತೆಯಿಂದ ಅವನಿಗೆ ಚಷ್ಮಾ. ಬಲಗಣ್ಣು ಮೈನಸ್ ನಾಲ್ಕೂವರೆ, ಎಡಗಣ್ಣು ಎರಡು. ದೀಪಾವಳಿಗೆ ಗಬ್ಬೂರಿನ ನಮ್ಮ ಮನೆಗೆ ಬಂದಾಗ ಅಕ್ಕ ನನ್ನೆದುರು ದೂರು ಒಯ್ದಳು: “ಮೊದಲ ಕಣ್ಣು ಹಿಂಗದಾವ, ಮ್ಯಾಲೆ ಬಂದೂಕ ಬ್ಯಾರೆ ಬೇಕೇನು ಇವಗ? ನೀನರ ಬುದ್ಧಿ ಹೇಳು, ತಮ್ಮಾ.” ಹುಡುಗ ತಲೆ ತಗ್ಗಿಸಿ ಹೇಳಿದ: “ಮಾಮಾ, ಹೊಡಿಯೂದು ಬರತೈತಿ, ಕಾಣೂದ ತಡಾ ಆಗತೈತಿ.”

ಈ ಒಂದು ಮಾತಿನಲ್ಲಿ ಸಮಸ್ಯೆಯೆಲ್ಲ ಅಡಗಿತ್ತು. ಬಂದೂಕಿನ ಆಟಗಳೆಲ್ಲಕ್ಕೂ ಒಂದೇ ಚಷ್ಮಾ ಸಾಲದು. ಪಿಸ್ತೂಲಿನವನು ನೋಡಬೇಕಾದದ್ದು ತನ್ನ ಕೈಯಳತೆಯಲ್ಲಿರುವ ಗುರಿಕಡ್ಡಿಯನ್ನು; ಆಚೆಯ ಹಲಗೆ ಕೊಂಚ ಮಸುಕಾದರೂ ನಡೆದೀತು. ಆದುದರಿಂದ ಅವನ ಮಸೂರವನ್ನು ಆ ಕಡ್ಡಿಯ ದೂರಕ್ಕೆ ಹೊಂದಿಸುತ್ತಾರೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ 2014ರ ಗ್ಲಾಸ್ಗೋ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ಪಿಸ್ತೂಲಿನಲ್ಲಿ. ಬಿಲ್ಲೆಯವನ ಧರ್ಮ ಇದಕ್ಕೆ ತೀರ ವಿರುದ್ಧ. ಅವನು ಎರಡೂ ಕಣ್ಣು ತೆರೆದಿಟ್ಟು ಬಿಲ್ಲೆಯನ್ನೇ ನೋಡಬೇಕು. ನಳಿಗೆಯ ತುದಿಯ ಮಣಿಯ ಕಡೆಗೆ ನೋಟ ಹೊರಳಿತೋ, ಹಕ್ಕಿ ಹಾರಿಹೋಯಿತು. ಅಂದರೆ ಅವನಿಗೆ ಬೇಕಾದದ್ದು ದೂರದ ನಂಬರು ಮಾತ್ರ, ಅದೂ ಇಂದಿನ ನಂಬರು, ಮೂರು ವರ್ಷದ ಹಿಂದಿನದಲ್ಲ. ನನ್ನಂಥ ನಲವತ್ತು ದಾಟಿದವರ ಚಾಳೀಸಿನ ಜೋಡುಗಾಜಾಗಲಿ, ಮೇಲಿಂದ ಕೆಳಕ್ಕೆ ನಂಬರು ಬದಲಾಗುವ ಹೊಸ ಬಗೆಯ ಗಾಜಾಗಲಿ ಅಲ್ಲಿ ಕೆಲಸಕ್ಕೆ ಬಾರವು.

ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಹುಡುಗನನ್ನು ನೆಟ್ಟಗೆ ಕೂಡಿಸಿ, ಎದುರಿಗೆ ನೋಡಲು ಹೇಳಿ, ಅಳತೆ ತೆಗೆಯಲು ಹೊರಟರು. ಹುಡುಗ ತಡೆದ. ಮೂಲೆಯಲ್ಲಿದ್ದ ನನ್ನ ಕೊಡೆಯನ್ನು ಎತ್ತಿ ಹೆಗಲಿಗೊತ್ತಿ, ಹಿಡಿಕೆಗೆ ಕೆನ್ನೆಯಾನಿಸಿ ನಿಂತುಬಿಟ್ಟ. ಗಿರಾಕಿಗಳು ನಕ್ಕರು. ಆದರೆ ಕೊಡೆ ಹಿಡಿದೊಡನೆ ಅವನ ತಲೆ ಮುಂದಕ್ಕೂ ಒಳಕ್ಕೂ ಬಾಗಿತು. ನೋಟ ಗಾಜಿನ ನಡುವಿನಿಂದ ಜಾರಿ, ಮೂಗಿನ ಕಡೆಯ ಮೇಲಂಚಿಗೆ ಹೋಯಿತು. ಹಳೆಯ ಚಷ್ಮಾದಲ್ಲಿ ಅಲ್ಲಿ ಚೌಕಟ್ಟಿನ ಪಟ್ಟಿಯೇ ಅಡ್ಡ ಬರುತ್ತಿತ್ತು. ಕಾಣುವುದು ಏಕೆ ತಡವಾಗುತ್ತಿತ್ತೆಂಬುದು ಆಗ ನಮಗೆಲ್ಲರಿಗೂ ಕಂಡಿತು.

ಮಸೂರಕ್ಕೊಂದು ಕೇಂದ್ರವುಂಟು, ಅದರ ಮೂಲಕ ನೋಡಿದಾಗಲೇ ನೋಟ ಶುದ್ಧ. ಮೈನಸ್ ನಾಲ್ಕೂವರೆಯ ಗಾಜಿನಲ್ಲಿ ಕೇಂದ್ರದಿಂದ 8 ಮಿಲಿಮೀಟರು ಸರಿದು ನೋಡಿದರೆ ನೋಟದ ಕಿರಣ ಮೀಟರಿಗೆ 3.6 ಸೆಂಟಿಮೀಟರಿನಷ್ಟು ಬಾಗುತ್ತದೆ. ನಳಿಗೆಗೂ ಬಿಲ್ಲೆಗೂ ಬಾಗುವುದು ಒಂದೇ ಆದುದರಿಂದ ಗುರಿ ಅಷ್ಟೂ ತಪ್ಪೀತೆಂದಲ್ಲ. ಆದರೆ ಎಡಗಣ್ಣಿನ ನಂಬರು ಬೇರೆ, ಅದರ ಬಾಗು ಬೇರೆ. ಎರಡು ಕಣ್ಣುಗಳೂ ಎರಡು ಎತ್ತುಗಳಂತೆ ಬೇರೆ ಬೇರೆ ಕಡೆಗೆ ಎಳೆಯುತ್ತವೆ. ಬಿಲ್ಲೆಯ ಅಂಚಿಗೆ ಬಣ್ಣದ ಝರಿ ಕಟ್ಟುತ್ತದೆ. ಆದುದರಿಂದ ಬಂದೂಕು ಹಿಡಿದ ಭಂಗಿಯಲ್ಲಿಯೇ ಕಣ್ಣಿನ ಪಾಪೆ ಎಲ್ಲಿ ನಿಲ್ಲುವುದೋ ಅಲ್ಲಿ ಗಾಜಿನ ಮೇಲೆ ಗುರುತು ಹಾಕಿ, ಕೇಂದ್ರವನ್ನು ಅಲ್ಲಿಗೆ ತರಬೇಕು. ಅಂಗಡಿಯವರು ಪೆನ್ನು ತಂದು, ಕೊಡೆಯ ಭಂಗಿಯಲ್ಲಿ ಮೂರು ಸಲ ನಿಲ್ಲಿಸಿ, ಮೂರು ಸಲವೂ ಗುರುತು ಹಾಕಿದರು. ಮೊದಲು ನಕ್ಕವರೂ ಅವರೇ. ಕೆಲಸ ಮಾತ್ರ ಶ್ರದ್ಧೆಯಿಂದ ಮಾಡಿದರು. ಚೌಕಟ್ಟು ಹುಬ್ಬಿನ ಮೇಲಕ್ಕೇರುವಷ್ಟು ಎತ್ತರದ್ದು, ಮೂಗಿನ ಆಸರೆಯನ್ನು ಏರಿಸಿ ಇಳಿಸಬಲ್ಲದ್ದು, ಪಕ್ಕದ ಕಡ್ಡಿ ತೆಳ್ಳಗಿನದು. ಮುಖವನ್ನು ಸುತ್ತಿ ಬಳಸುವ ಡೊಂಕು ಚೌಕಟ್ಟು ಅಂದವಾಗಿತ್ತು. ದೊಡ್ಡ ನಂಬರಿನ ಗಾಜು ಅಷ್ಟು ಡೊಂಕಿಗೆ ಕೂತರೆ ಅಂಚಿನ ನೋಟ ಸೊಟ್ಟಗಾಗುತ್ತದೆಂದು ಬಿಟ್ಟೆವು.

ಅಕ್ಕನ ಭಯಕ್ಕೆ ಉತ್ತರ ಗಾಜಿನ ಜಾತಿಯಲ್ಲಿತ್ತು. ಒಡೆದ ಬಿಲ್ಲೆಯ ಚೂರು, ಮರಳಿ ಸಿಡಿದ ಗುಂಡಿನ ಕಾಳು ಇವು ಕಣ್ಣಿಗೆ ಬರಬಹುದಾದ ಅಪಾಯಗಳೇ ಸರಿ. ಹಳೆಯ ನಿಜವಾದ ಗಾಜು ಒಡೆದರೆ ತಾನೇ ಇನ್ನೊಂದು ಅಪಾಯ. ಪಾಲಿಕಾರ್ಬೊನೇಟಿನದು ಅಷ್ಟು ಸುಲಭವಾಗಿ ಒಡೆಯದು. ಟ್ರೈವೆಕ್ಸ್ ಎಂಬುದೂ ಹಾಗೆಯೇ, ಬೆಲೆ ಹೆಚ್ಚಾದರೂ ಬಣ್ಣದ ಝರಿ ಅದರಲ್ಲಿ ಕಡಿಮೆ. ನಾವು ಎರಡನೆಯದನ್ನು ಆರಿಸಿದೆವು. ಬರಿಗಣ್ಣಿನವನಿಗಿಂತ ಚಷ್ಮಾದವನೇ ಆ ಮೈದಾನದಲ್ಲಿ ಕ್ಷೇಮ ಎಂದು ಹೇಳಿದಾಗ ಅಕ್ಕ ಪೂರ್ತಿ ನಂಬಲಿಲ್ಲ. ಆದರೆ ಬೇಡವೆಂದೂ ಅನ್ನಲಿಲ್ಲ.

ಬಣ್ಣದ ಮಾತು ಕೊನೆಗೆ ಬರತಕ್ಕದ್ದು. ಅಂಗಡಿಗಳಲ್ಲಿ ಅದೇ ಮೊದಲು ಬರುತ್ತದೆ. ಕಿತ್ತಳೆ ಬಣ್ಣದ ಬಿಲ್ಲೆಯನ್ನು ಕಿತ್ತಳೆ, ಕೆಂಪು ಛಾಯೆಯ ಗಾಜು ಎದ್ದು ತೋರಿಸುತ್ತದೆ. ಹಿನ್ನೆಲೆ ಹಸಿರು ಮರಗಳಾದರೆ ನೇರಳೆ. ಮೋಡದ ದಿನಕ್ಕೆ ಹಳದಿ. ಕಪ್ಪು ಹೆಚ್ಚಿದಷ್ಟೂ ಪಾಪೆ ಅಗಲವಾಗಿ ನೋಟ ಮಸುಕುವುದರಿಂದ, ಸಹಿಸಬಲ್ಲಷ್ಟು ತಿಳಿಯಾದ ಛಾಯೆಯೇ ಲೇಸು. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಸೆಕೆಯಲ್ಲಿ ಸರಿಯಾಗಿ ಕಪ್ಪಾಗದು. ನಮ್ಮ ಸೀಮೆಯ ಏಪ್ರಿಲ್ಲಿಗೆ ಅದು ಹೇಳಿಸಿದ್ದಲ್ಲ. ಹಣ ಒಂದು ಜೊತೆಗಷ್ಟೇ ಇತ್ತು. ಬಣ್ಣವಿಲ್ಲದ್ದನ್ನೇ ಮಾಡಿಸಿದೆವು.

ಉಳಿದದ್ದು ಒಂದು ತೊಡಕು. ಎರಡು ಕಣ್ಣುಗಳಲ್ಲಿ ಒಂದು ಯಜಮಾನ; ಬಂದೂಕಿರುವ ಹೆಗಲ ಕಡೆಯ ಕಣ್ಣೇ ಯಜಮಾನನಾದರೆ ಸುಖ. ನಮ್ಮ ಮಾಳಿಗೆಯ ಮೇಲೆ ನಿಂತರೆ, ನರೇಂದ್ರದಿಂದ ಬರುವ ಬೈಪಾಸ್ ರಸ್ತೆ ಬೆಂಗಳೂರಿನ ಹೆದ್ದಾರಿಯನ್ನು ಕೂಡುವ ಕಡೆ ಕಾಣುತ್ತದೆ. ಅಲ್ಲಿಯ ದೀಪದ ಕಂಬವೊಂದನ್ನು ಅವನು ಎರಡು ಅಂಗೈಗಳ ನಡುವಿನ ಕಿಂಡಿಯಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಿದ. ಹಳೆಯ ಚಷ್ಮಾದಲ್ಲಿ ಎಡಗಣ್ಣೇ ಯಜಮಾನ. ಹೊಸದು ಬಂದ ಮೇಲೆ ಬೆಳಿಗ್ಗೆ ಬಲಗಣ್ಣು ಗೆದ್ದಿತು, ದಣಿದ ಸಂಜೆಗೆ ಮತ್ತೆ ಎಡಗಣ್ಣು. ಎಡಗಾಜಿನ ಮೇಲೆ, ಕಂಬ ಮರೆಯಾಗುವ ಜಾಗಕ್ಕೆ, ಬೆರಳಿನುಗುರಿನಷ್ಟು ಅರೆಪಾರದರ್ಶಕ ಟೇಪು ಅಂಟಿಸಿದ, ಬಲಗಣ್ಣು ಮರಳಿತು. ದಿಲ್ಲಿಗೆ ಹೋಗುವ ಪೆಟ್ಟಿಗೆಯಲ್ಲಿ ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿಯ ಪಕ್ಕಕ್ಕೆ ಆ ಟೇಪಿನ ಸುರುಳಿಯನ್ನೂ ಇಟ್ಟುಕೊಂಡಿದ್ದಾನೆ.