ಸೌರದೀಪ ಕಣ್ಣು ಮಿಟುಕಿಸಿದಾಗ

ದಿನವಿಡೀ ಒಳ್ಳೆಯ ಬಿಸಿಲು. ಛಾವಣಿಯ ಮೇಲಿನ ಸೌರಫಲಕವೂ ಸರಿಯಾಗಿದೆ. ಆದರೆ ಸಂಜೆ ಮಕ್ಕಳು ಓದಲು ಕುಳಿತರೆ ದೀಪ ಆರುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಹತ್ತುತ್ತದೆ, ಮತ್ತೆ ಆರುತ್ತದೆ. ರಿಪೇರಿಯವರು ಬಂದು ನೋಡಿದಾಗ ಎಲ್ಲವೂ ನೆಟ್ಟಗಿರುತ್ತದೆ! ಕೊನೆಗೆ ಬ್ಯಾಟರಿಯ ಮೇಲೆ ತಪ್ಪು ಹೊರಿಸಿ, ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತರುವವರಿದ್ದಾರೆ. ದೋಷ ಬೇರೆಡೆ ಇದ್ದರೆ ಹೊಸ ಬ್ಯಾಟರಿಯೂ ಅದೇ ಆಟ ಆಡುತ್ತದೆ. ಹಣ ತೆರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ದೀಪ ಆರುವುದು ಯಾವಾಗ?

ಕಾವಲುಗಾರನ ಕೆಲಸ

ಫಲಕ, ಬ್ಯಾಟರಿ ಮತ್ತು ದೀಪಗಳ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಬರಿದಾದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಯುಸ್ಸು ಕುಗ್ಗುತ್ತದೆ. ಆದ್ದರಿಂದ 12 ವೋಲ್ಟ್‌ನ ವ್ಯವಸ್ಥೆಯಲ್ಲಿ ಒತ್ತಡ ಸುಮಾರು 11.4 ವೋಲ್ಟ್‌ಗೆ ಇಳಿದಾಗ ಕಂಟ್ರೋಲರ್ ದೀಪಗಳನ್ನು ಕಡಿದುಬಿಡುತ್ತದೆ, 12.5ರ ಆಸುಪಾಸಿಗೆ ಏರಿದಾಗ ಮತ್ತೆ ಜೋಡಿಸುತ್ತದೆ. ಈ ಅಂಕಿಗಳು ತಯಾರಿಕೆಯಿಂದ ತಯಾರಿಕೆಗೆ ತುಸು ಬದಲಾಗುತ್ತವೆ.

ಸಡಿಲ ಜೋಡಣೆಯ ಚೇಷ್ಟೆ

ಫ್ಯಾನು, ಟಿ.ವಿ. ಎಲ್ಲ ಒಟ್ಟಿಗೆ ಹಾಕಿದಾಗ ಮಾತ್ರ ದೀಪ ಆರುತ್ತದೆಯೆ? ಹಾಗಾದರೆ ತಂತಿ ಮತ್ತು ಜೋಡಣೆಗಳನ್ನು ಶಂಕಿಸಿ. ಹತ್ತನೆಯ ತರಗತಿಯ ಓಮನ ನಿಯಮ ಇಲ್ಲಿ ಸಾಕು. ಬ್ಯಾಟರಿಯ ತುದಿಯಲ್ಲಿ 12.3 ವೋಲ್ಟ್ ಇದೆ, 10 ಆಂಪಿಯರ್ ಹರಿಯುತ್ತಿದೆ ಎನ್ನಿ. ಕಿಲುಬು ಹಿಡಿದ ಒಂದು ಜೋಡಣೆಯ ರೋಧ ಬರೀ 0.1 ಓಮ್ ಆದರೂ ಅಲ್ಲಿ 1 ವೋಲ್ಟ್ ನಷ್ಟ. ಕಂಟ್ರೋಲರ್‌ಗೆ ಕಾಣುವುದು 11.3 ಮಾತ್ರ. ಬ್ಯಾಟರಿ ಬರಿದಾಯಿತೆಂದು ತಿಳಿದು ಅದು ದೀಪ ಕಡಿಯುತ್ತದೆ. ಪ್ರವಾಹ ನಿಂತೊಡನೆ ನಷ್ಟವೂ ಇಲ್ಲ; ಹೊರೆ ಇಳಿದ ಬ್ಯಾಟರಿ 12.6ಕ್ಕೆ ಏರುತ್ತದೆ, ದೀಪ ಹತ್ತುತ್ತದೆ. ಕಣ್ಣುಮುಚ್ಚಾಲೆಯ ಗುಟ್ಟು ಇಷ್ಟೇ.

ಆ ಜೋಡಣೆಯಲ್ಲಿ 10 ವ್ಯಾಟ್ ಶಾಖವೂ ಹುಟ್ಟುತ್ತದೆ. ಉಗುರಿನಷ್ಟು ಜಾಗಕ್ಕೆ ಅದು ಕಡಿಮೆಯಲ್ಲ. ಬಿಸಿಯಾಗಿ, ತಣ್ಣಗಾಗಿ ಜೋಡಣೆ ಇನ್ನಷ್ಟು ಸಡಿಲವಾಗುತ್ತದೆ. ಬಣ್ಣಗೆಟ್ಟ ತಂತಿ, ಕರಗಿದ ಪ್ಲಾಸ್ಟಿಕ್, ಸುಟ್ಟ ವಾಸನೆ ಕಂಡರೆ ತಡಮಾಡಬೇಡಿ, ಬೆಂಕಿಯ ಅಪಾಯವಿದೆ.

ನೆರಳು ಮತ್ತು ಬ್ಯಾಟರಿ

ಪ್ರತಿದಿನ ಒಂದೇ ಹೊತ್ತಿಗೆ ಚಾರ್ಜ್ ಕುಸಿದರೆ ನೆರಳನ್ನು ಹುಡುಕಿ. ಸಣ್ಣ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳು ಸರಣಿಯಲ್ಲಿರುತ್ತವೆ. ಸಾಲಾಗಿ ನಿಂತು ಕೊಡ ಸಾಗಿಸುವವರಲ್ಲಿ ಒಬ್ಬ ನಿಧಾನವಾದರೆ ಸಾಲೆಲ್ಲ ನಿಧಾನವಾಗುವಂತೆ, ಒಂದೆರಡು ಕೋಶಗಳ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ವಿದ್ಯುತ್ತು ತೀರ ಇಳಿಯುತ್ತದೆ. ದಕ್ಷಿಣಾಯನದಲ್ಲಿ ಸೂರ್ಯ ತೆಂಕಣಕ್ಕೆ ವಾಲುವುದರಿಂದ, ಬೇಸಿಗೆಯಲ್ಲಿ ಇಲ್ಲದ ನೆರಳು ಡಿಸೆಂಬರಿನಲ್ಲಿ ಬರಬಹುದು.

ದೀಪ ಹತ್ತಿಸಿದ ಸ್ವಲ್ಪ ಹೊತ್ತಿಗೇ ಆರಿದರೆ ಬ್ಯಾಟರಿಯನ್ನು ಪರೀಕ್ಷಿಸಿ. ನೀರು ತುಂಬುವ ಬಗೆಯ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಚಾರ್ಜ್ ತುಂಬಿದ್ದರೆ ಹೈಡ್ರೋಮೀಟರು ಸುಮಾರು 1.26 ತೋರಿಸುತ್ತದೆ, ಬರಿದಾದಾಗ 1.15ರ ಆಸುಪಾಸು. ಆರೂ ಒಂದೇ ಸಮ ಕಡಿಮೆಯಿದ್ದರೆ, ಮೊದಲು ಚಾರ್ಜ್ ಸಾಲುತ್ತಿದೆಯೆ ನೋಡಿ. ಒಂದು ಕೋಶ ಮಾತ್ರ ಬಹಳ ಹಿಂದುಳಿದಿದ್ದರೆ ಬ್ಯಾಟರಿಯೇ ರೋಗಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹೊಂದದು.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿ ಇಲ್ಲದ ವ್ಯವಸ್ಥೆ ಹಾಕಿಸಿದವರಿಗೆ ಒಂದು ಮಾತು: ಕರೆಂಟು ಹೋದಾಗ ನಿಮ್ಮ ಸೌರವಿದ್ಯುತ್ತೂ ನಿಲ್ಲುವುದು ದೋಷವಲ್ಲ. ಕಂಬದ ಮೇಲೆ ದುಡಿಯುವ ಲೈನ್‌ಮನ್‌ನ ಪ್ರಾಣರಕ್ಷಣೆಗೆ ಇನ್ವರ್ಟರ್ ತಾನೇ ನಿಲ್ಲುತ್ತದೆ.

ಮಕ್ಕಳು ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳೇ, ಒಂದು ವಾರ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಬರೆಯಿರಿ: ದೀಪ ಆರಿದ ಸಮಯ, ಆಗ ನಡೆಯುತ್ತಿದ್ದ ಉಪಕರಣಗಳು, ಹಗಲಿನ ಹವೆ, ಕಂಟ್ರೋಲರ್ ತೋರಿಸಿದ ವೋಲ್ಟೇಜು. ಛಾವಣಿ ಹತ್ತುವುದು, ಬ್ಯಾಟರಿ ಮುಟ್ಟುವುದು ನಿಮ್ಮ ಕೆಲಸವಲ್ಲ. ಬಿಸಿಲಿರುವವರೆಗೆ ಫಲಕದಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ; ದೊಡ್ಡ ವ್ಯವಸ್ಥೆಯಲ್ಲಿ ಅದು ನೂರಾರು ವೋಲ್ಟ್. ಬ್ಯಾಟರಿಯಲ್ಲಿ ಆಮ್ಲವಿದೆ, ಚಾರ್ಜ್ ಆಗುವಾಗ ಹೊತ್ತಿಕೊಳ್ಳಬಲ್ಲ ಜಲಜನಕವೂ ಹೊರಡುತ್ತದೆ. ತಿರುಪು ಬಿಗಿಯುವುದನ್ನು ತಿಳಿದವರಿಗೇ ಬಿಡಿ.

ರಿಪೇರಿಯವರು ಬಂದಾಗ ಆ ಪುಟವನ್ನು ಅವರ ಕೈಗೆ ಕೊಡಿ. ದೀಪ ಅವರೆದುರಿಗೆ ಆರದಿದ್ದರೂ ಚಿಂತೆಯಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ನಿಮ್ಮ ಬರಹ ಹೇಳುತ್ತದೆ.