ಸಾಮಂತರಿದ್ದರೆ ಚಕ್ರವರ್ತಿಯ ಬಲ ಕಡಿಮೆಯೆ?

ಪ್ರಶ್ನೆ: ತಲಕಾಡಿನ ಗಂಗರು ರಾಷ್ಟ್ರಕೂಟರ ಕೆಳಗಿದ್ದರು ಎನ್ನುತ್ತಾರೆ. ಆದರೂ ಅವರನ್ನು ಅರಸರೆಂದೇ ಕರೆಯುವುದೇಕೆ?
— ಓದುಗರು, ಬೆಳಕವಾಡಿ

ಉತ್ತರ: ನಮ್ಮಲ್ಲಿ ಚಕ್ರವರ್ತಿ ಎಂದರೆ ಬೇರೆ ಅರಸರನ್ನು ಅಳಿಸಿದವನಲ್ಲ, ಅವರನ್ನು ಅರಸರಾಗಿಯೇ ಉಳಿಸಿಕೊಂಡು ಅವರ ಮೇಲೆ ನಿಂತವನು. ಇದಕ್ಕೆ ಸಾಕ್ಷಿ ನಿಮ್ಮ ಪಕ್ಕದ ಮದ್ದೂರು ತಾಲ್ಲೂಕಿನಲ್ಲೇ ಸಿಕ್ಕಿದೆ: ಆತಕೂರು ಶಾಸನ. 949ರ ತಕ್ಕೋಲಂ ಕಾಳಗದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ರಾಷ್ಟ್ರಕೂಟ ಮೂರನೆಯ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300 ಮುಂತಾದ ನಾಡುಗಳನ್ನು ಕೊಟ್ಟ. ಬೂತುಗ ತನ್ನ ವೀರ ಮಣಲೇರನಿಗೆ ಭೂಮಿ ಕೊಟ್ಟ. ಮಣಲೇರ ಬೇಡಿ ಪಡೆದದ್ದು ಮಾತ್ರ ಕಾಳಿ ಎಂಬ ಬೇಟೆನಾಯಿಯನ್ನು! ಅದು ಹಂದಿಯೊಡನೆ ಹೋರಾಡಿ ಸತ್ತಾಗ ನೆಟ್ಟ ಕಲ್ಲೇ ಈ ಶಾಸನ. ಸಾಮ್ರಾಜ್ಯ ಎಂಬ ದೊಡ್ಡ ಮಾತು ಹೀಗೆ ಕೊಡುಗೆಯ ಮೆಟ್ಟಿಲಿಳಿದು ಒಂದು ನಾಯಿಯವರೆಗೆ ಬಂದದ್ದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಎಲ್ಲೆಡೆಯೂ ಹೀಗಿರಲಿಲ್ಲ. ಅದೇ ಕಾಲದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೇವರು ಒಬ್ಬನೇ, ಆದ್ದರಿಂದ ಅವನ ಪ್ರತಿನಿಧಿಯಾದ ಸಾಮ್ರಾಟನೂ ಒಬ್ಬನೇ ಎಂಬ ನಂಬಿಕೆ ಇತ್ತು. ಚೀನಾದಲ್ಲಿ ಅರಸು ಸ್ವರ್ಗದ ಅಪ್ಪಣೆಯಿಂದ ಆಳುವವನಾಗಿದ್ದ. ಅಧರ್ಮಿಯಾದರೆ ಆ ಅಪ್ಪಣೆ ಕೈತಪ್ಪುತ್ತದೆ ಎಂದು ನಂಬುತ್ತಿದ್ದರು.

ನಮ್ಮ ಮೆಟ್ಟಿಲು ಹತ್ತಲೂ ಬರುತ್ತಿತ್ತು. ಚಾಲುಕ್ಯರ ಮಾಂಡಲಿಕನಾಗಿದ್ದ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ; ಅವನ ಮೊಮ್ಮಗ ಇಮ್ಮಡಿ ಬಲ್ಲಾಳ ಚಕ್ರವರ್ತಿಯ ಬಿರುದನ್ನೇ ಧರಿಸಿದ.